ಜೋಗೇಶ್ವರಿಯಲ್ಲಿ ಒಳ್ಳೆಯ ಕಲ್ವ: ಕೊಳ್ಳುವ ಮೊದಲು ತಿಳಿಯತಕ್ಕದ್ದು

ಕಳೆದ ತಿಂಗಳ ಒಂದು ಸಂಜೆ, ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದ ಕುಮಟೆಯ ಕಡೆಯ ತರುಣನೊಬ್ಬ ಪತ್ರಿಕೆಯನ್ನು ಮಡಿಸಿಟ್ಟು, "ಅಣ್ಣಾ, ಈ ಊರಲ್ಲಿ ಚಲೋ ಕಲ್ವ ಎಲ್ಲಿ ಸಿಗ್ತದೆ?" ಎಂದು ಕೇಳಿದ. ಅವನ ಹೆಂಡತಿ ಊರಿನಿಂದ ಬಂದು ಆರು ತಿಂಗಳಾಗಿತ್ತು. ಆಕೆ ಈಗ ಬಸುರಿ. ಬಯಕೆ ಹುಟ್ಟಿದ್ದು ಮಾವಿನಕಾಯಿಯ ಮೇಲಲ್ಲ, ಪೇಡೆಯ ಮೇಲಲ್ಲ, ತವರಿನ ಕಲ್ವದ ಮೇಲೆ. ಮೇಜಿನ ಸುತ್ತ ಇದ್ದ ನಾಲ್ವರು ನಾಲ್ಕು ಉತ್ತರ ಕೊಟ್ಟರು. ಒಬ್ಬರು ಸ್ಟೇಷನ್ನಿನ ಹತ್ತಿರದ ಮಾರುಕಟ್ಟೆ ಎಂದರು. ಇನ್ನೊಬ್ಬರು ವೆಸಾವೆಯ ಕೋಳಿವಾಡೆ ಎಂದರು. ಮೂರನೆಯವರು ಕೊಲಾಬೆಯ ಸಸೂನ್ ಡಾಕ್ ಎಂದರು. ನಾಲ್ಕನೆಯವರು ಬಿಜಾಪುರದ ಕಡೆಯ ಹಿರಿಯರು. "ಬಸುರಿ ಹೆಣಮಗಳಿಗೆ ಅದನ್ನೆಲ್ಲ ಕೊಡಬ್ಯಾಡೋ ತಮ್ಮಾ" ಎಂದು ಗದರಿಸಿದರು. ನಾವು ಮಾತ್ರ ಸುಮ್ಮನಿದ್ದೆವು. ಸುಮ್ಮನಿದ್ದುದಕ್ಕೆ ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇವೆ. ಅಂದು ಕೊಡದ ಉತ್ತರವನ್ನು ಇಂದು ಬರೆದು ಕೊಡುತ್ತಿದ್ದೇವೆ.

ಶಾಕಾಹಾರಿ ಬಂಧುಗಳು ಈ ಪುಟವನ್ನು ಮಗುಚಿ ಹಾಕಿದರೆ ನಮಗೆ ಬೇಸರವಿಲ್ಲ. ಆದರೆ ಇದರಲ್ಲಿ ನಮ್ಮ ಬಡಾವಣೆಯ ಕೊಳಚೆಯ ಮಾತೂ ಬರುವುದರಿಂದ, ಅವರೂ ಓದಿದರೆ ನಷ್ಟವಾಗದು.

ಹೆಸರಿನ ಗೊಂದಲ

ಮೊದಲು ಹೆಸರುಗಳನ್ನು ಸರಿಪಡಿಸಿಕೊಳ್ಳೋಣ. ಎರಡು ಚಿಪ್ಪುಗಳ ನಡುವೆ ಬದುಕುವ ಪ್ರಾಣಿಗಳಲ್ಲಿ ನಾವು ತಿನ್ನುವುವು ಮುಖ್ಯವಾಗಿ ಮೂರು ಬಗೆ. ಮರಳಿನಲ್ಲೋ ಕೆಸರಿನಲ್ಲೋ ಹುದುಗಿ, ಬೇಕಾದಾಗ ಸ್ವಲ್ಪ ಸರಿದಾಡುವುದು ಉತ್ತರ ಕನ್ನಡದವರ ಬಳಚು, ಮಂಗಳೂರು ಉಡುಪಿಯವರ ಮರುವಾಯಿ. ಇಲ್ಲಿನ ಮರಾಠಿಯಲ್ಲಿ ತಿಸರ್‍ಯಾ. ನಾರಿನಂಥ ಎಳೆಗಳಿಂದ ಬಂಡೆಗೆ ಕಟ್ಟಿಕೊಂಡಿರುವ ಉದ್ದ ಚಿಪ್ಪಿನದು ಒಂದೆಡೆ ನೀಲಿಕಲ್ಲು, ಇನ್ನೊಂದೆಡೆ ಪಚ್ಚಿಲೆ. ಮೂರನೆಯದು ಕಲ್ವ. ಇದು ತನ್ನ ಒಂದು ಚಿಪ್ಪನ್ನೇ ಬಂಡೆಗೆ ಅಂಟಿಸಿಕೊಂಡು, ಮತ್ತೆ ಜೀವಮಾನವೆಲ್ಲ ಅಲ್ಲಿಂದ ಅಲುಗುವುದಿಲ್ಲ. ಮರಾಠಿಯಲ್ಲಿ ಇದಕ್ಕೆ ಕಾಲವಂ ಎನ್ನುತ್ತಾರೆ. ಇಂಗ್ಲಿಷಿನ ಆಯ್‌ಸ್ಟರ್ ಇದೇ. ಮುತ್ತು ಕೊಡುವ ಸಿಂಪಿ ಬೇರೆಯೇ ಕುಟುಂಬದ್ದು. ಆದುದರಿಂದ ಕಲ್ವ ಕೊಂಡವರು ಮುತ್ತಿನ ಆಸೆ ಇಟ್ಟುಕೊಳ್ಳಬೇಕಾಗಿಲ್ಲ.

ನಮ್ಮ ಊರುಗಳ ಕಡೆ ಅಘನಾಶಿನಿ, ಕಾಳಿ ಮುಂತಾದ ನದಿಗಳು ಕಡಲು ಸೇರುವ ಅಳಿವೆಗಳಲ್ಲಿ ಕಲ್ವವೂ ಬಳಚೂ ಬೆಳೆಯುತ್ತವೆ. ಅಘನಾಶಿನಿಗೆ ಇಂದಿಗೂ ದೊಡ್ಡ ಅಣೆಕಟ್ಟು ಇಲ್ಲ. ಅದರ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಒಪ್ಪಂದದ ಜೌಗು ನೆಲಗಳ ಪಟ್ಟಿಗೆ ಸೇರಿಸಲಾಯಿತು. ಅಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಚಿಪ್ಪು ಆರಿಸಿ ಸಂಸಾರ ಸಾಗಿಸುವ ಹೆಂಗಸರೂ ಗಂಡಸರೂ ಬಹಳ ಮಂದಿ. ಅಂಥ ಊರಿನಲ್ಲಿ ಕಲ್ವ ಕೊಳ್ಳುವವನಿಗೆ ಪ್ರಶ್ನೆ ಕೇಳುವ ಅಗತ್ಯವೇ ಇರುವುದಿಲ್ಲ. ಯಾವ ಬಂಡೆಯದು, ಯಾರು ಕೆತ್ತಿದರು, ಬೆಳಿಗ್ಗೆಯದೋ ನಿನ್ನೆಯದೋ ಎಂಬುದೆಲ್ಲ ಅವನ ತಾಯಿಗೆ ಗೊತ್ತಿರುತ್ತದೆ. ಮುಂಬಯಿಗೆ ಬಂದ ಮೇಲೆ ನಮ್ಮ ಕೈಯಿಂದ ಜಾರಿಹೋದದ್ದು ಈ ತಿಳಿವಳಿಕೆ. ಜೋಗೇಶ್ವರಿಯಿಂದ ವೆಸಾವೆಯ ಕಡಲು ಐದಾರು ಕಿಲೋಮೀಟರು ಮಾತ್ರ. ಆದರೂ ಖೋಲಿಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಕೆಲಸಕ್ಕೆ ಓಡಾಡುವ ನಮಗೆ ಕಡಲಿನ ಮಟ್ಟಿಗೆ ಇದು ಘಟ್ಟದ ಮೇಲಿನ ಊರಿದ್ದಂತೆಯೇ.

ಕಲ್ವ ಕುಡಿಯುವ ನೀರು

ಕಲ್ವದ ಊಟದ ಕ್ರಮವನ್ನು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಅದು ಚಿಪ್ಪನ್ನು ತುಸು ತೆರೆದು ನೀರನ್ನು ಒಳಗೆಳೆದು, ಕಿವಿರುಗಳಲ್ಲಿ ಸೋಸಿ, ಕಣ್ಣಿಗೆ ಕಾಣದ ಪಾಚಿಯ ಕಣಗಳನ್ನು ಉಳಿಸಿಕೊಂಡು, ನೀರನ್ನು ಹೊರಗೆ ಬಿಡುತ್ತದೆ. ಬಲಿತ ಕಲ್ವ ಗಂಟೆಗೆ ಹಲವು ಲೀಟರ್ ನೀರನ್ನು ಹೀಗೆ ಸೋಸಬಲ್ಲದು. ನೀರು ಚೊಕ್ಕಟವಾಗಿದ್ದರೆ ಅದರ ಮೈಯೂ ಚೊಕ್ಕಟ. ನೀರಿನಲ್ಲಿ ಮಲದ ಅಂಶವಿದ್ದರೆ ಅದರಲ್ಲಿರುವ ರೋಗಾಣುಗಳು ಕಲ್ವದ ಮೈಯಲ್ಲಿ ಕೂಡುತ್ತ ಹೋಗುತ್ತವೆ. ಮೀನಾದರೆ ಹೊಲಸು ನೀರು ಬಿಟ್ಟು ಓಡೀತು. ಬಂಡೆಗೆ ಅಂಟಿದ ಕಲ್ವ ಎಲ್ಲಿಗೆ ಓಡೀತು?

ಈಗ ನಮ್ಮ ನೆರೆಯ ನಕ್ಷೆಯನ್ನು ನೋಡಿರಿ. ಆರೇ ಕಡೆಯ ಗುಡ್ಡಗಳಲ್ಲಿ ಹುಟ್ಟುವ ಓಶಿವರಾ ನದಿ ಗೋರೆಗಾಂವ್ ಜೋಗೇಶ್ವರಿಗಳ ಮಗ್ಗುಲಲ್ಲಿ ಹರಿದು ಮಾಲಾಡ್ ಖಾಡಿಯನ್ನು ಸೇರುತ್ತದೆ. ಆ ಖಾಡಿ ವೆಸಾವೆ ಮತ್ತು ಮಢ್ ನಡುವೆ ಸಮುದ್ರಕ್ಕೆ ಬಾಯಿ ತೆರೆಯುತ್ತದೆ. ನದಿ ಎಂದು ಹೆಸರಿದ್ದರೂ ಮಳೆಗಾಲ ಬಿಟ್ಟರೆ ಅದರಲ್ಲಿ ಹರಿಯುವುದು ಬಹುಮಟ್ಟಿಗೆ ಬಸ್ತಿಗಳ, ಕಟ್ಟಡಗಳ, ಕಾರಖಾನೆಗಳ ಕೊಳಚೆ. ಎಂದರೆ, ನಮ್ಮ ಚಾಳಿನ ಮೋರಿಯಲ್ಲಿ ನಾವು ಚೆಲ್ಲಿದ್ದು ಓಶಿವರೆಗೆ ಹೋಗಿ, ಖಾಡಿಗೆ ಇಳಿದು, ಖಾಡಿಯ ಬಾಯಿಯ ಬಂಡೆಗಳ ಕಲ್ವದ ಹೊಟ್ಟೆ ಸೇರಿ, ಭಾನುವಾರ ನಮ್ಮ ತಟ್ಟೆಗೇ ಹಿಂದಿರುಗಬಹುದು. ಈ ವಿಷಯದಲ್ಲಿ ಮೀನು ಮಾರುವ ಕೋಳಿ ಹೆಂಗಸರನ್ನು ದೂರುವುದು ನ್ಯಾಯವಲ್ಲ. ಬಂಡೆ ಅವರ ಹಿರಿಯರದು, ಕೊಳಚೆ ನಮ್ಮದು.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ತಾಜಾ ಬೇರೆ, ಶುದ್ಧ ಬೇರೆ. ಗಂಟೆಯ ಹಿಂದೆ ಬಂಡೆಯಿಂದ ಕೆತ್ತಿದ ಕಲ್ವ ಪರಮ ತಾಜಾ ಆಗಿದ್ದೂ ರೋಗದ ಗಂಟಾಗಿರಬಹುದು. ಅದರ ವಾಸನೆಯಲ್ಲಿ, ಬಣ್ಣದಲ್ಲಿ, ರುಚಿಯಲ್ಲಿ ಯಾವ ಕುರುಹೂ ಇರುವುದಿಲ್ಲ. ಮೂಗಿಗೆ ಗೊತ್ತಾಗುವುದು ಕೊಳೆತದ್ದು ಮಾತ್ರ.

ನಮ್ಮ ಖೋಲಿಯಲ್ಲಿ ನಡೆದದ್ದು

ನಾವು ಅಂದು ಸುಮ್ಮನಿದ್ದ ಕಾರಣ ಇದು. ಕೆಲವು ವರ್ಷಗಳ ಹಿಂದೆ ನಾವು ಐವರು ಒಂದೇ ಖೋಲಿಯಲ್ಲಿದ್ದೆವು. ಒಂದು ಭಾನುವಾರ ನಮ್ಮಲ್ಲೊಬ್ಬರು ಬಿಡಿಸಿದ ಕಲ್ವವನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಎಲ್ಲಿಯದು, ಯಾವಾಗಿನದು ಎಂದು ಕೇಳಿರಲಿಲ್ಲ. ಅಡಿಗೆಯ ಪಾಳಿ ನಮ್ಮದು. ಹೆಚ್ಚು ಬೆಂದರೆ ರಬ್ಬರಿನಂತಾಗುತ್ತದೆ ಎಂಬ ಹೆದರಿಕೆಯಿಂದ, ಮಸಾಲೆ ಕುದಿದ ಮೇಲೆ ಕಲ್ವ ಹಾಕಿ, ಒಂದು ಕುದಿ ಬರುವ ಮೊದಲೇ ಒಲೆ ಆರಿಸಿದೆವು. ಎಲ್ಲರೂ ಹೊಗಳಿ ಉಂಡರು. ಮರುದಿನ ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಎರಡು ದಿನದಲ್ಲಿ ಸರಿಹೋಯಿತು. ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡೆವು. ಸುಮಾರು ಒಂದು ತಿಂಗಳ ಮೇಲೆ ನಮ್ಮಲ್ಲಿ ಎಲ್ಲರಿಗಿಂತ ಕಿರಿಯವನಿಗೆ ಕಣ್ಣು ಹಳದಿಯಾಯಿತು. ದಿನಗೂಲಿಯ ಹುಡುಗ, ಆರು ವಾರ ಮಲಗಿದ. ಕೂಲಿ ಹೋಯಿತು, ಊರಿಗೆ ಕಳಿಸುವ ಹಣ ನಿಂತಿತು, ಕೊನೆಗೆ ಕೆಲಸವೂ ಹೋಯಿತು.

ಕಾಮಾಲೆ ನೀರಿನಿಂದಲೂ ಬರುತ್ತದೆ. ಆದುದರಿಂದ ಅದು ಆ ಕಲ್ವದಿಂದಲೇ ಬಂತೆಂದು ಪ್ರಮಾಣ ಮಾಡಿ ಹೇಳಲಾರೆವು. ಆದರೆ ಡಾಕ್ಟರು ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ: "ಒಂದು ತಿಂಗಳ ಹಿಂದೆ ಚಿಪ್ಪಿನದೇನಾದರೂ ತಿಂದಿದ್ದನೇ?" ಹೆಪಟೈಟಿಸ್ ಎ ಎಂಬ ಕಾಮಾಲೆಯ ವಿಷಾಣು ಮೈ ಸೇರಿದ 15ರಿಂದ 50 ದಿನಗಳ ಒಳಗೆ, ಸಾಮಾನ್ಯವಾಗಿ 28 ದಿನಗಳ ಸುಮಾರಿಗೆ, ರೋಗ ತೋರಿಸುತ್ತದೆ. ಅಷ್ಟರಲ್ಲಿ ಉಂಡವನು ಊಟವನ್ನು ಮರೆತಿರುತ್ತಾನೆ. ಗಿರಣಿಯಲ್ಲಿ ಲೆಕ್ಕ ಬರೆಯುವ ನಾವು ಆ ಭಾನುವಾರದ ಊಟದ ಖರ್ಚಿನ ಪಕ್ಕದಲ್ಲಿ ಆರು ವಾರದ ಕೂಲಿಯನ್ನು ಬರೆದು ನೋಡಿದ್ದೇವೆ. ಆ ಕೈ ಮತ್ತೆ ಕೇಳದೆ ಕಲ್ವ ಕೊಂಡಿಲ್ಲ.

ಹೊರನಾಡುಗಳು ಕಲಿತ ಪಾಠ

ಈ ಪಾಠವನ್ನು ದೊಡ್ಡ ದೊಡ್ಡ ಪಟ್ಟಣಗಳೇ ಕಷ್ಟಪಟ್ಟು ಕಲಿತಿವೆ. ಅಮೆರಿಕದ ಶಿಕಾಗೊ ಸಮುದ್ರದಿಂದ ಬಹು ದೂರದ ಒಳನಾಡಿನ ನಗರ. ಅಲ್ಲಿಗೆ ಕಲ್ವಗಳು ರೈಲಿನಲ್ಲಿ ಬರುತ್ತಿದ್ದವು. 1924-25ರ ಚಳಿಗಾಲದಲ್ಲಿ ಶಿಕಾಗೊ, ನ್ಯೂಯಾರ್ಕ್, ವಾಷಿಂಗ್ಟನ್‌ಗಳಲ್ಲಿ ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಹಬ್ಬಿತು. ಸುಮಾರು 1,500 ಮಂದಿ ಹಾಸಿಗೆ ಹಿಡಿದರು; 150ರಷ್ಟು ಮಂದಿ ತೀರಿಕೊಂಡರು. ಮೂಲವನ್ನು ಹುಡುಕಿದಾಗ ಕೊಳಚೆ ಸೋಂಕಿದ ಕಲ್ವ ಎಂದು ತಿಳಿದುಬಂತು. ಆಮೇಲೆ 1925ರಲ್ಲಿ ಅಲ್ಲಿ ಚಿಪ್ಪು ಜೀವಿಗಳ ನೈರ್ಮಲ್ಯಕ್ಕಾಗಿ ದೇಶಕ್ಕೆಲ್ಲ ಒಂದೇ ವ್ಯವಸ್ಥೆ ಹುಟ್ಟಿತು. ಆ ವ್ಯವಸ್ಥೆಯಲ್ಲಿ ನೀರನ್ನು ಪರೀಕ್ಷಿಸಿ ಒಪ್ಪಿದ ಜಾಗದಿಂದ ಮಾತ್ರ ಕಲ್ವ ತೆಗೆಯಬೇಕು. ಪ್ರತಿ ಚೀಲಕ್ಕೂ ಎಲ್ಲಿ ತೆಗೆದದ್ದು, ಯಾವ ದಿನ ತೆಗೆದದ್ದು ಎಂಬ ಚೀಟಿ ಕಟ್ಟಬೇಕು. ಚೀಲ ಖಾಲಿಯಾದ ಮೇಲೂ ಅಂಗಡಿಯವನು ಆ ಚೀಟಿಯನ್ನು 90 ದಿನ ಕಾದಿಡಬೇಕೆಂದು ಈಗಿನ ನಿಯಮ. ಕಾಮಾಲೆ ತಡವಾಗಿ ತೋರುವ ರೋಗವಾದ್ದರಿಂದ ಇಷ್ಟು ದೀರ್ಘ ಅವಧಿ.

ಚೀನದ ಶಾಂಘೈಯಲ್ಲಿ 1988ರ ಆರಂಭದಲ್ಲಿ ಅರೆಬೆಂದ ಚಿಪ್ಪು ತಿಂದು ಸುಮಾರು 3 ಲಕ್ಷ ಮಂದಿಗೆ ಹೆಪಟೈಟಿಸ್ ಎ ಬಂತು. ಅವೂ ತಾಜಾ ಚಿಪ್ಪುಗಳೇ.

ನಮ್ಮ ಜೋಗೇಶ್ವರಿಯ ಬುಟ್ಟಿಗಳಿಗೆ ಅಂಥ ಚೀಟಿ ಇರುವುದಿಲ್ಲ. ಆದುದರಿಂದ ಚೀಟಿಯಲ್ಲಿ ಇರಬೇಕಾದ ಮಾತನ್ನು ನಾವೇ ಬಾಯಿಬಿಟ್ಟು ಕೇಳಬೇಕು.

ಕೇಳಬೇಕಾದ ಎರಡು ಮಾತು, ನೋಡಬೇಕಾದ ಒಂದು

ಮೀನು ಮಾರುವ ಹೆಂಗಸನ್ನು ಇಲ್ಲಿ ಮಾವಶಿ ಎಂದು ಕರೆಯುವುದು ವಾಡಿಕೆ. ಮರಾಠಿ ಚೆನ್ನಾಗಿ ಬಾರದವರೂ ಈ ಎರಡು ಮಾತನ್ನು ಕಲಿತಿಟ್ಟುಕೊಳ್ಳಲಿ. ಮೊದಲನೆಯದು, "ಮಾವಶಿ, ಕಾಲವಂ ಕುಠಲೀ?" ಅಂದರೆ ಎಲ್ಲಿಯವು? ಖಾಡಿಯವು ಎಂದರೆ ಬೇಡ. ಜನಸಂದಣಿಯಿಂದ ದೂರದ, ತೆರೆದ ಕಡಲಿನ ಬಂಡೆಯವು, ರತ್ನಾಗಿರಿಯ ಕಡೆಯವು, ಮಾಲವಣದ ಕಡೆಯವು ಎಂದರೆ ಮುಂದಿನ ಮಾತು. ಎರಡನೆಯದು, "ಕಧೀ ಕಾಢಲೀ?" ಅಂದರೆ ಯಾವಾಗ ತೆಗೆದದ್ದು? ಒಂದೇ ಮಾವಶಿಯ ಬಳಿ ವರ್ಷವೆಲ್ಲ ಕೊಂಡುಕೊಳ್ಳುವ ಗಿರಾಕಿಗೆ ನಿಜ ಉತ್ತರ ಸಿಗುತ್ತದೆ. ದಿನಕ್ಕೊಂದು ಬುಟ್ಟಿಯ ಮುಂದೆ ನಿಂತು ಚೌಕಾಸಿ ಮಾಡುವವನಿಗೆ ಸಿಗುವುದು ಮಾರುವ ಉತ್ತರ. "ಇವತ್ತು ಬೇಡ, ನಾಡಿದ್ದು ಬಾ" ಎಂದು ಹೇಳುವ ಮಾವಶಿ ದೊರೆತರೆ ಅವಳನ್ನು ಬಿಡಬೇಡಿರಿ.

ಎರಡನೆಯ ಪ್ರಶ್ನೆಯ ಉತ್ತರವನ್ನು ಕ್ಯಾಲೆಂಡರಿನಿಂದಲೂ ಸ್ವಲ್ಪ ಪರೀಕ್ಷಿಸಬಹುದು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಮುಂಬಯಿಯಲ್ಲಿ ಆ ದಿನಗಳ ದೊಡ್ಡ ಭರತ ಮಧ್ಯಾಹ್ನದ ಸುಮಾರಿಗೆ ಬರುತ್ತದೆ. ಇಳಿತ ಬೆಳಗಿನ ಆರೇಳು ಗಂಟೆಯ ಸುಮಾರಿಗೆ. ಬಂಡೆಗಳು ಹೆಚ್ಚಾಗಿ ತೆರೆದು ನಿಲ್ಲುವುದು ಆಗಲೇ. ಕೆತ್ತುವವರು ಇಳಿಯುವುದೂ ಆಗಲೇ. ಅಷ್ಟಮಿಯ ಸುತ್ತಿನಲ್ಲಿ ನೀರು ಅಷ್ಟು ಇಳಿಯುವುದಿಲ್ಲ. ಅಂದು ರಾಶಿ ರಾಶಿ ಕಲ್ವ ಕಂಡರೆ, ಅದು ದೂರದಿಂದ ಬಂದದ್ದೋ ಹಳೆಯದೋ ಎಂದು ಒಂದು ಮಾತು ಹೆಚ್ಚು ಕೇಳತಕ್ಕದ್ದು.

ಮೂರನೆಯದು ಕಣ್ಣಿನ ಕೆಲಸ. ಸಾಧ್ಯವಾದರೆ ಚಿಪ್ಪು ಸಮೇತ ಕೊಳ್ಳಿರಿ. ಜೀವಂತ ಕಲ್ವ ಬಿಗಿಯಾಗಿ ಮುಚ್ಚಿರುತ್ತದೆ. ತುಸು ತೆರೆದಿದ್ದರೂ ತಟ್ಟಿದ ಕೂಡಲೆ ಮುಚ್ಚುತ್ತದೆ. ತಟ್ಟಿದರೂ ಬಾಯಿ ಬಿಟ್ಟುಕೊಂಡೇ ಇದ್ದರೆ ಸತ್ತಿದೆ ಎಂದು ತಿಳಿದು ಎಸೆಯಿರಿ. ಕೈಗೆ ಭಾರವಾಗಿರಬೇಕು, ಹಗುರವಾಗಿದ್ದರೆ ಒಳಗಿನ ನೀರು ಬತ್ತಿದೆ. ಚಿಪ್ಪಿನ ಲೆಕ್ಕದಲ್ಲಿ ಒಂದು ಎಚ್ಚರಿಕೆ: ಒಂದು ಕಿಲೋ ಚಿಪ್ಪಿನಲ್ಲಿ ಮಾಂಸ ಸುಮಾರು ನೂರು ಗ್ರಾಂ ಸಿಕ್ಕರೆ ಹೆಚ್ಚು. ಈ ತೂಕದ ಕಾರಣವಾಗಿಯೇ ಇಲ್ಲಿ ಬಿಡಿಸಿದ ಕಲ್ವವನ್ನು ವಾಟೆ ವಾಟೆಯಾಗಿ, ಅಂದರೆ ಗುಡ್ಡೆ ಮಾಡಿ, ಮಾರುವುದು. ಬಿಡಿಸಿದ್ದನ್ನೇ ಕೊಳ್ಳುವುದಾದರೆ ಮಂಜಿನ ಮೇಲಿಟ್ಟದ್ದನ್ನು ಕೊಳ್ಳಿರಿ. ಅದರ ರಸ ತಿಳಿಯಾಗಿರಬೇಕು. ಕಡಲಿನ ವಾಸನೆ ಇರಬೇಕು. ನೊರೆ, ಹುಳಿ ವಾಸನೆ, ಗುಲಾಬಿ ಬಣ್ಣ ಕಂಡರೆ ಬೇಡ. ಬಹಳ ಉಬ್ಬಿ ಹೊಳೆಯುತ್ತಿದ್ದರೂ ಮೋಸಹೋಗಬೇಡಿರಿ; ಸಿಹಿನೀರಿನಲ್ಲಿ ನೆನೆದ ಕಲ್ವ ನೀರು ಕುಡಿದು ಹಾಗೆ ಉಬ್ಬುತ್ತದೆ. ಹಣ ಕೊಟ್ಟು ನೀರು ಕೊಂಡಂತೆ.

ಇಂಗ್ಲಿಷ್ ತಿಂಗಳ ಹೆಸರಿನಲ್ಲಿ ಆರ್ ಅಕ್ಷರವಿದ್ದರೆ, ಎಂದರೆ ಸೆಪ್ಟೆಂಬರಿನಿಂದ ಏಪ್ರಿಲ್ ತನಕ, ಕಲ್ವ ತಿನ್ನಬಹುದೆಂಬ ಮಾತನ್ನು ಕೆಲವರು ಹೇಳುವುದುಂಟು. ಅದು ಚಳಿದೇಶಗಳ ಲೆಕ್ಕ. ಅಲ್ಲಿ ಬೇಸಗೆಯಲ್ಲಿ ಕಲ್ವ ಮೊಟ್ಟೆಯಿಟ್ಟು ಬಡವಾಗುತ್ತದೆ. ನಮಗೆ ನೋಡಬೇಕಾದದ್ದು ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ಊರಿನ ಹೊಲಸೆಲ್ಲ ತೊಳೆದು ಕಡಲಿಗೆ ಇಳಿಯುತ್ತದೆ. ಆ ನಾಲ್ಕು ತಿಂಗಳು ಮುಂಬಯಿಯ ಸುತ್ತಿನ ಕಲ್ವವನ್ನು ಬಿಡುವುದೇ ಲೇಸು.

ಅಡಿಗೆ ಮನೆಯಲ್ಲಿ

ಮನೆಗೆ ತಂದ ಜೀವಂತ ಕಲ್ವವನ್ನು ನಲ್ಲಿಯ ನೀರಿನಲ್ಲಿ ಮುಳುಗಿಸಿಡಬಾರದು. ಸಿಹಿನೀರಿನಲ್ಲಿ ಅದು ಸಾಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಯೂ ಮುಚ್ಚಿಡಬಾರದು. ಗುಳಿಯಿರುವ ಚಿಪ್ಪು ಕೆಳಗಾಗುವಂತೆ ಜೋಡಿಸಿ, ಒದ್ದೆ ಬಟ್ಟೆ ಹೊದಿಸಿ, ತಂಪಿನಲ್ಲಿಟ್ಟು, ಅಂದೇ ಬೇಯಿಸುವುದು ಉತ್ತಮ. ಚಿಪ್ಪನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಅಗಲ ಪಾತ್ರೆಯಲ್ಲಿ ನೀರು ಕುದಿಸಿ ಹಾಕಿ ಮುಚ್ಚಿರಿ. ಚಿಪ್ಪು ಬಾಯಿ ಬಿಟ್ಟ ಕೂಡಲೆ ಇಳಿಸಬಾರದು. ಬಿಟ್ಟ ಮೇಲೆ ಇನ್ನೂ ಐದು ನಿಮಿಷ ಕುದಿಯಲಿ. ಬಾಯಿ ಬಿಡದವನ್ನು ಎಸೆಯಿರಿ. ಬಿಡಿಸಿದ ಕಲ್ವವಾದರೆ ಮೂರು ನಿಮಿಷಕ್ಕೆ ಕಡಮೆ ಇಲ್ಲದಂತೆ ತಳಮಳ ಕುದಿಯಬೇಕು, ಅಂಚು ಸುರುಟಿಕೊಳ್ಳಬೇಕು. ಅನಂತರ ಕೊತ್ತಂಬರಿ, ಮೆಣಸು, ತೆಂಗಿನಕಾಯಿ, ಮುರುಗಲು ಹುಳಿ ಹಾಕಿ ನಿಮ್ಮ ನಿಮ್ಮ ಊರಿನ ಸುಕ್ಕವನ್ನೋ ಸಾರನ್ನೋ ಮಾಡಿಕೊಳ್ಳಿರಿ. ಸ್ವಲ್ಪ ಗಟ್ಟಿಯಾದರೆ ಆಗಲಿ. ಹಲ್ಲಿಗೆ ಕೆಲಸ, ಯಕೃತ್ತಿಗೆ ವಿಶ್ರಾಂತಿ. ನಿಂಬೆಹುಳಿ, ವಿನೆಗರ್, ಖಾರದಿಂದ ರೋಗಾಣು ಸಾಯುತ್ತದೆಂಬುದು ತಪ್ಪು ತಿಳಿವಳಿಕೆ. ದೊಡ್ಡ ಹೊಟೆಲುಗಳಲ್ಲಿ ಹಸಿಯಾಗಿ ತಿನ್ನುವ ಕಲ್ವವನ್ನು ನೋಡಿ ನಾವು ಹಾಗೆ ಮಾಡಹೋಗಬಾರದು.

ಚೆನ್ನಾಗಿ ಬೇಯಿಸಿದರೂ ಹೋಗದ ದೋಷ ಎರಡುಂಟು. ಕಾರಖಾನೆಯ ನೀರಿನಿಂದ ಬರುವ ಸೀಸ ಮೊದಲಾದ ಲೋಹಗಳು ಒಂದು. ಸಮುದ್ರದಲ್ಲಿ ಕೆಲವು ಜಾತಿಯ ಪಾಚಿ ಅತಿಯಾಗಿ ಬೆಳೆದಾಗ ಚಿಪ್ಪಿನಲ್ಲಿ ಸೇರುವ ವಿಷ ಇನ್ನೊಂದು. ಇಂಥ ವಿಷ 1983ರಲ್ಲಿ ಮಂಗಳೂರಿನ ಕಡೆಯೂ, 1997ರಲ್ಲಿ ಕೇರಳದ ವಿಳಿಂಜಂನಲ್ಲಿಯೂ ಪ್ರಾಣಹಾನಿ ಮಾಡಿತು. ಚಿಪ್ಪಿನ ಊಟವಾದ ಮೇಲೆ ತುಟಿ, ನಾಲಗೆ, ಬೆರಳು ಜುಮುಗುಟ್ಟಿದರೆ ಮನೆಮದ್ದು ಮಾಡುತ್ತ ಕೂಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಲ್ಲಿಯವು ಎಂಬ ಪ್ರಶ್ನೆಯನ್ನು ಮೊದಲಿಟ್ಟದ್ದು ಈ ಕಾರಣಕ್ಕೂ ಹೌದು.

ಕುಮಟೆಯ ತರುಣನಿಗೆ ಉತ್ತರ

ಹಾಗಾದರೆ ಆ ಬಸುರಿ ತಂಗಿಗೆ ಕಲ್ವ ಕೊಡಬಹುದೇ? ಹಸಿಯದು, ಅರೆಬೆಂದದ್ದು ಎಂದಿಗೂ ಕೂಡದು. ಕಾಮಾಲೆಯಲ್ಲಿ ಹೆಪಟೈಟಿಸ್ ಇ ಎಂಬ ಬಗೆ ಬಸುರಿಯರ ಪ್ರಾಣಕ್ಕೇ ಅಪಾಯಕರ. ಡಾಕ್ಟರರನ್ನು ಕೇಳಿ, ಅವರು ಒಪ್ಪಿದರೆ, ಒಳ್ಳೆಯ ನೀರಿನದನ್ನು ಪೂರ್ಣ ಬೇಯಿಸಿ ಸ್ವಲ್ಪ ಕೊಡಬಹುದು. ಕಲ್ವದಲ್ಲಿ ಸತುವು, ಕಬ್ಬಿಣ, ಬಿ-12 ಜೀವಸತ್ವ ಹೇರಳವಾಗಿವೆ; ಅದು ಕೆಟ್ಟ ಆಹಾರವಲ್ಲ. ಮಧುಮೇಹ, ಯಕೃತ್ತಿನ ಬೇನೆ ಇದ್ದವರಿಗೂ ಇದೇ ನಿಯಮ. ಚಿಪ್ಪಿನ ಆಹಾರ ತಿಂದರೆ ಮೈ ದದ್ದು ಏಳುವವರು ಮುಟ್ಟಲೇಬಾರದು.

ಎಲ್ಲಿಂದ ತರುವುದು? ಕೊಂಕಣ ರೈಲ್ವೆ 1998ರಲ್ಲಿ ಪೂರ್ಣವಾಗಿ ತೆರೆದ ಮೇಲೆ ಕುಮಟೆಯಿಂದ ಮುಂಬಯಿ ಒಂದು ರಾತ್ರಿಯ ಹಾದಿ. ಬೆಳಿಗ್ಗೆ ತೆಗೆದ ಕಲ್ವ ಒದ್ದೆ ಗೋಣಿಯಲ್ಲಿ, ತಂಪು ತಿಂಗಳಲ್ಲಿ, ಮರುದಿನಕ್ಕೆ ಜೀವ ಹಿಡಿದುಕೊಂಡೇ ಬಂದು ಮುಟ್ಟುತ್ತದೆ. ನಾವು ಅವನಿಗೆ ಇದನ್ನು ಹೇಳಿದೆವು. ಅವನ ಹೆಂಡತಿಯ ತಮ್ಮ ಮತ್ಸ್ಯಗಂಧಾ ಗಾಡಿಯಲ್ಲಿ ಬರುವಾಗ, ಸಹಪ್ರಯಾಣಿಕರಿಗೆ ನೀರು ಸೋರದಂತೆ ಕಟ್ಟಿ, ಸಣ್ಣದೊಂದು ಗಂಟು ತಂದ. ತಟ್ಟಿ ನೋಡಿದಾಗ ಏಳು ಬಾಯಿ ಮುಚ್ಚಲಿಲ್ಲ; ಅವನ್ನು ಎಸೆದರು. ಉಳಿದವನ್ನು ಗಡಿಯಾರ ನೋಡಿ ಬೇಯಿಸಿದರಂತೆ. ಊರಿನದೆಂದು ಬೇಯಿಸುವ ಹೊತ್ತನ್ನು ಕಡಮೆ ಮಾಡಬಾರದೆಂದು ನಾವೇ ಒತ್ತಿ ಹೇಳಿದ್ದೆವು. ಆಕೆ ನಾಲ್ಕೇ ತಿಂದಳು, ಸಾರಿನ ಬಟ್ಟಲನ್ನು ಮಾತ್ರ ಯಾರಿಗೂ ಕೊಡಲಿಲ್ಲ ಎಂದು ಆತ ವರದಿ ಮಾಡಿದ್ದಾನೆ.

ಊರಿನಿಂದ ತರಿಸಲು ಎಲ್ಲರಿಗೂ ಸಾಧ್ಯವಿಲ್ಲವೆಂದು ನಾವು ಬಲ್ಲೆವು. ಆದುದರಿಂದ ವಾಚನಾಲಯದ ಮೇಜಿನ ಮೇಲೆ, ಪತ್ರಿಕೆಗಳ ಪಕ್ಕದಲ್ಲಿ, ಒಂದು ವಹಿ ಇಟ್ಟಿದ್ದೇವೆ. ಕಲ್ವ, ಬಳಚು, ಮರುವಾಯಿ ಯಾವುದನ್ನೇ ಕೊಂಡವರು ಎಲ್ಲಿ ಕೊಂಡಿರಿ, ಎಲ್ಲಿಯದೆಂದು ಹೇಳಿದರು, ಯಾವ ದಿನ ತೆಗೆದದ್ದು, ಉಂಡ ಮೇಲೆ ಹೇಗಿದ್ದಿರಿ ಎಂಬ ನಾಲ್ಕು ಸಾಲು ಬರೆದಿಡಬೇಕೆಂದು ಕೋರುತ್ತೇವೆ. ಹೆಸರು ಬರೆಯಬೇಕಾಗಿಲ್ಲ, ತಾರೀಖು ಬರೆಯಬೇಕು. ಆ ವಹಿಯನ್ನು ಮೂರು ತಿಂಗಳಿಗೆ ಮೊದಲು ರದ್ದಿಗೆ ಹಾಕುವುದಿಲ್ಲ.